ಬಾಡಿಗೆ ಬೆಣಕಲ್ಲು: ಒಂದು ಹಸ್ತಪ್ರತಿಗೆ ಉತ್ತರ

ಪ್ರಿಯ ಮಿತ್ರರೇ,

ನಮಸ್ಕಾರ. ನಿಮ್ಮ ಹಸ್ತಪ್ರತಿ ಕೊಪ್ಪಳದ ನಮ್ಮ ಕಚೇರಿಗೆ ಬಂದು ಮೂರು ವಾರವಾಯಿತು. ಜಿಲ್ಲೆಯ ನೋಡತಕ್ಕ ಸ್ಥಳಗಳ ಮೇಲೆ ಹನ್ನೊಂದು ಅಧ್ಯಾಯ. ಜೊತೆಗಿಟ್ಟ ಪತ್ರದಲ್ಲಿ ನೀವೇ ಮುಚ್ಚುಮರೆಯಿಲ್ಲದೆ ಬರೆದಿದ್ದೀರಿ: ಶಾಲೆಯ ಕೆಲಸದ ನಡುವೆ ಬಿಡುವು ಸಿಗಲಿಲ್ಲ, ಹಾಗಾಗಿ ಹತ್ತು ಅಧ್ಯಾಯಗಳನ್ನು ಪದಕ್ಕಿಷ್ಟು ಎಂದು ದರ ಮಾತಾಡಿ ಒಂದು ಬರವಣಿಗೆ ಸಂಸ್ಥೆಯಿಂದ ಬರೆಸಿದ್ದೀರಿ. ಅವರು ಕೃತಿಚೌರ್ಯ ಶೇ 0 ಎಂಬ ಪ್ರಮಾಣಪತ್ರ ಕೊಟ್ಟಿದ್ದಾರೆ. ‘ಆದ್ದರಿಂದ ತಮಗೆ ಪರಿಶೀಲನೆಯ ತೊಂದರೆ ಇರುವುದಿಲ್ಲ’ ಎಂದು ಮುಗಿಸಿದ್ದೀರಿ. ಈ ಕೊನೆಯ ಮಾತು ಓದಿ ನಕ್ಕುಬಿಟ್ಟೆ, ಬೇಸರ ಮಾಡಿಕೊಳ್ಳಬೇಡಿ. ಈ ಪುಸ್ತಕವನ್ನು ಈಗಿರುವಂತೆ ನಾವು ಅಚ್ಚು ಹಾಕುವುದಿಲ್ಲ.

ನಾಲ್ಕನೇ ಅಧ್ಯಾಯ ತೆಗೆಯಿರಿ. ಮೊದಲ ಸಾಲು ಹೀಗಿದೆ: ‘ಬಾಡಿಗೆ ಬೆನಕಲ್ ಕರ್ನಾಟಕದ ಒಂದು ಗುಪ್ತ ರತ್ನವಾಗಿದೆ.’ ಬಾಡಿಗೆಗೆ ಯಾವ ಕಲ್ಲು, ಯಾರು ಕೊಟ್ಟರು ಎಂದು ಎರಡು ಸಲ ಓದಿದೆ. ಆಮೇಲೆ ಹೊಳೆಯಿತು. ಹಿರೇಬೆಣಕಲ್ಲನ್ನು ಇಂಗ್ಲಿಷ್ ಲಿಪಿಯಲ್ಲಿ ಬಿಡಿಸಿ ಬರೆದರೆ ನಮ್ಮ ‘ಹಿರೇ’ ಎನ್ನುವುದು ಅವರ ಭಾಷೆಯ ಬೇರೆಯೇ ಪದವಾಗಿಬಿಡುತ್ತದೆ; ಅದಕ್ಕೆ ಬಾಡಿಗೆಗೆ ಪಡೆ ಎಂದು ಅರ್ಥ. ಯಾರದೋ ಇಂಗ್ಲಿಷ್ ಬರಹವನ್ನು ಯಂತ್ರಕ್ಕೆ ಕೊಟ್ಟಿದ್ದಾರೆ, ಯಂತ್ರ ನಿಷ್ಠೆಯಿಂದ ಅನುವಾದಿಸಿದೆ. ಸಂಸ್ಥೆಯವರು ಓದಿಲ್ಲ. ನೀವೂ ಓದಿಲ್ಲ. ನನಗೆ ಹೆಚ್ಚು ನೋವಾದದ್ದು ಈ ಎರಡನೆಯದಕ್ಕೆ. ಗಂಗಾವತಿ ತಾಲ್ಲೂಕಿನ ಆ ಗುಡ್ಡವನ್ನು ಸುತ್ತಲಿನ ಜನ ಮೋರ್ಯರ ಗುಡ್ಡ ಎನ್ನುತ್ತಾರೆ, ಬಂಡೆಚಪ್ಪಡಿ ನಿಲ್ಲಿಸಿ ಕಟ್ಟಿದ ಆ ಕಬ್ಬಿಣಯುಗದ ಗೋರಿಗಳಲ್ಲಿ ಕುಳ್ಳರು ವಾಸವಾಗಿದ್ದರೆಂದು ಕಥೆ ಹೇಳುತ್ತಾರೆ, ಬಡಿದರೆ ನಗಾರಿಯಂತೆ ಮೊರೆಯುವ ಗುಂಡು ಅಲ್ಲಿದೆ. ಈ ಮೂರರಲ್ಲಿ ಒಂದೂ ನಿಮ್ಮ ಅಧ್ಯಾಯದಲ್ಲಿಲ್ಲ. ಗುಪ್ತ ರತ್ನ ಮಾತ್ರ ಇದೆ.

ಈ ಎಳೆ ಹಿಡಿದು ಮುಂದೆ ಹೋದೆ. ಎರಡನೇ ಅಧ್ಯಾಯದಲ್ಲಿ ಆನೆಗೊಂದಿ ‘ಅನೆಗುಂಡಿ’ಯಾಗಿದೆ. ಐದರಲ್ಲಿ ಇಟಗಿ ‘ಇತ್ತಾಗಿ’, ಎಂಟರಲ್ಲಿ ಕುಷ್ಟಗಿ ‘ಕುಸ್ತಗಿ’. ನೀವು ಈ ಜಿಲ್ಲೆಯಲ್ಲೇ ಹುಟ್ಟಿದವರು, ನಿಮ್ಮ ಕೈಯಿಂದ ಈ ತಪ್ಪು ಬರುವುದು ಸಾಧ್ಯವೇ ಇಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಟ, ತ ಬೇರೆಯಲ್ಲ. ಣ, ನ ಬೇರೆಯಲ್ಲ. ಹ್ರಸ್ವ ದೀರ್ಘದ ಗೊಡವೆಯಂತೂ ಇಲ್ಲ. ಆ ದಾರಿ ಹಾದು ಮನೆಗೆ ಮರಳಿದ ಊರಹೆಸರು ಮೈಕೈ ತರಚಿಕೊಂಡೇ ಬರುತ್ತದೆ. ಹೊರಗೆ ಬರೆಸಿದ ಕನ್ನಡವನ್ನು ಪರೀಕ್ಷಿಸಲು ನಾನು ಮೊದಲು ನೋಡುವುದು ಇದನ್ನೇ, ಯಾವ ತಂತ್ರಾಂಶವೂ ಬೇಡ. ಕವಿರಾಜಮಾರ್ಗ ಕನ್ನಡದ ತಿರುಳಿನ ಸೀಮೆ ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳ ಜೊತೆಗೆ ಎಣಿಸಿದ್ದು ನಮ್ಮ ಕೊಪಣನಗರವನ್ನು, ಅಂದರೆ ಇಂದಿನ ಕೊಪ್ಪಳವನ್ನು. ಆ ಊರಿನ ಮೇಲೆ ಪುಸ್ತಕ ಬರೆಯಲು ಕನ್ನಡವನ್ನು ಇಂಗ್ಲಿಷಿನಿಂದ ತರಿಸಿಕೊಂಡಿದ್ದೀರಿ!

ಇನ್ನು ಆ ಪ್ರಮಾಣಪತ್ರ. ನೀವು ಕಳಿಸಿದ ಕಡತ ನುಡಿ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿದೆ. ಡಿಟಿಪಿ ಅಂಗಡಿಗಳಲ್ಲಿ ಇವತ್ತಿಗೂ ಅದೇ ಬಳಕೆಯಲ್ಲಿದೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಅಂಥ ಕಡತ ನಮ್ಮ ಕಣ್ಣಿಗೆ ಮಾತ್ರ ಕನ್ನಡ. ಕಂಪ್ಯೂಟರಿನ ಹೊಟ್ಟೆಯೊಳಗೆ ಅದು ರೋಮನ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಫಾಂಟ್ ಬದಲಿಸಿದ ಕೂಡಲೇ ಬಣ್ಣ ಬಯಲಾಗುತ್ತದೆ. ಇದನ್ನೇ ಪರೀಕ್ಷಾ ತಂತ್ರಾಂಶಕ್ಕೆ ತಿನ್ನಿಸಿದರೆ ಅದು ಜಗತ್ತಿನ ಯಾವ ಪುಟದೊಂದಿಗೂ ತಾಳೆಯಾಗುವುದಿಲ್ಲ. ಶೇ 0 ಬರದೆ ಇನ್ನೇನು ಬಂದೀತು? ಯಾವುದೇ ಕಾದಂಬರಿಯನ್ನು ಅಕ್ಷರ ಬಿಡದೆ ಹೀಗೆ ಬೆರಳಚ್ಚು ಮಾಡಿ ಕೊಟ್ಟರೂ ಅದೇ ಉತ್ತರ ಬರುತ್ತದೆ.

ನಾನು ಕಡತವನ್ನು, ಕಂಪ್ಯೂಟರಿಗೂ ಕನ್ನಡವಾಗಿಯೇ ಕಾಣುವ ಯುನಿಕೋಡ್‌ಗೆ ಪರಿವರ್ತಿಸಿಕೊಂಡೆ. ಏಳನೇ ಅಧ್ಯಾಯದಿಂದ ಏಳು ಪದದ ಒಂದು ತುಂಡು ಎತ್ತಿ, ಉದ್ಧರಣ ಚಿಹ್ನೆಯೊಳಗಿಟ್ಟು ಅಂತರಜಾಲದಲ್ಲಿ ಹುಡುಕಿದೆ. ಇಡೀ ಪ್ಯಾರಾ ಒಂದು ಪ್ರವಾಸದ ಪುಟದಲ್ಲಿ ಸಿಕ್ಕಿತು, ಅಲ್ಲಿದ್ದ ಕಾಗುಣಿತದ ತಪ್ಪೂ ಸೇರಿ. ಹುಡುಕುವುದಕ್ಕೂ ಒಂದು ಹದವಿದೆ. ‘ಈ ದೇವಾಲಯವು ಅತ್ಯಂತ ಪ್ರಾಚೀನವಾದುದು’ ಎಂಬಂಥ ಸಾಲು ಹುಡುಕಿದರೆ ಊರೆಲ್ಲ ಕಳ್ಳರಂತೆ ಕಾಣುತ್ತಾರೆ. ಯಾರೋ ಒಬ್ಬರು ಮಾತ್ರ ಬರೆಯಬಹುದಾದ ಸಾಲು ಹಿಡಿಯಬೇಕು, ಒಂದು ಹೋಲಿಕೆ, ವಿಚಿತ್ರ ಕ್ರಿಯಾಪದ, ಹೀಗೆ ಏನಾದರೂ. ಕನ್ನಡದಲ್ಲಿ ಪ್ರತ್ಯಯ ಪದಕ್ಕೇ ಅಂಟಿರುವುದರಿಂದ ‘ದೇವಾಲಯದಲ್ಲಿ’ ಎಂಬುದನ್ನು ‘ದೇವಾಲಯದೊಳಗೆ’ ಎಂದು ತಿದ್ದಿದ ಮಾತ್ರಕ್ಕೆ ತಾಳೆ ತಪ್ಪುತ್ತದೆ. ಹಾಗಾಗಿ ತುಂಡು ಚಿಕ್ಕದಿರಲಿ, ಮೂರು ನಾಲ್ಕು ಕಡೆಯಿಂದ ಎತ್ತಿ. ನಾಲ್ಕನೇ ಅಧ್ಯಾಯ ಕನ್ನಡದಲ್ಲಿ ಎಲ್ಲೂ ಸಿಗಲಿಲ್ಲ. ಎರಡು ವಾಕ್ಯಗಳನ್ನು ನಾನೇ ಇಂಗ್ಲಿಷಿಗೆ ತಿರುಗಿಸಿ ಹುಡುಕಿದೆ, ಮೂಲ ಬಂದು ಕೂತಿತು. ಅನುವಾದಿಸಿದ ಕಳವು ಕಳವೇ ಅಲ್ಲ ಎಂದು ಆ ಸಂಸ್ಥೆಯವರು ನಿಮಗೆ ಹೇಳಿದ್ದರೆ ನಂಬಬೇಡಿ. ಅನುವಾದದ ಹಕ್ಕೂ ಮೂಲ ಲೇಖಕರದೇ.

ಒಂಬತ್ತನೇ ಅಧ್ಯಾಯ ಯಾವ ಹುಡುಕಾಟಕ್ಕೂ ಬಗ್ಗಲಿಲ್ಲ. ಭಾಷೆ ಚೊಕ್ಕಟವಾಗಿತ್ತು, ಯಂತ್ರದ್ದಲ್ಲ. ಆದರೆ ಮೂರನೇ ಪುಟದಲ್ಲಿ ‘ರಾಯಚೂರು ಜಿಲ್ಲೆಯ ಕೊಪ್ಪಳ ತಾಲ್ಲೂಕಿನಲ್ಲಿ’ ಎಂದಿದೆ. ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದದ್ದು 1997ರಲ್ಲಿ. ಅಂದರೆ ಈ ಸಾಲು ಬರೆದ ಕೈ ಅದಕ್ಕಿಂತ ಹಿಂದಿನದು. ಗ್ರಂಥಾಲಯಕ್ಕೆ ಹೋಗಿ ಹಳೆಯ ಕಪಾಟಿನ ಮುಂದೆ ಒಂದು ಮಧ್ಯಾಹ್ನ ಕೂತೆ, ಸಿಕ್ಕಿತು. ಪುಸ್ತಕದ ಹೆಸರು ಇಲ್ಲಿ ಬೇಡ, ಭೇಟಿಯಾದಾಗ ತೋರಿಸುತ್ತೇನೆ. ಯಾರೂ ಅಂತರಜಾಲಕ್ಕೆ ಏರಿಸದ ಪುಸ್ತಕ ಯಾವ ತಂತ್ರಾಂಶಕ್ಕೂ ಕಾಣುವುದಿಲ್ಲ. ಪುಟಗಳ ಚಿತ್ರ ತೆಗೆದು ಏರಿಸಿದ್ದರೂ ಹೆಚ್ಚುಕಡಿಮೆ ಅದೇ ಕಥೆ. ನಮ್ಮಲ್ಲಿ ಕದಿಯಲು ಯೋಗ್ಯವಾದ ಬರಹವೆಲ್ಲ ಇರುವುದು ಬಹುಮಟ್ಟಿಗೆ ಅಲ್ಲಿಯೇ, ಹಳೆಯ ಪುಸ್ತಕ, ಸ್ಮರಣ ಸಂಚಿಕೆ, ಕಾಲೇಜುಗಳ ವಾರ್ಷಿಕ ಸಂಚಿಕೆಗಳಲ್ಲಿ. ಹೀಗೆ ಕಾಲದ ಮುದ್ರೆ ಹುಡುಕುವುದು ನನಗೆ ಒಂದು ಚಟವೇ ಆಗಿದೆ. ಹೊಸಪೇಟೆಯನ್ನು ಬಳ್ಳಾರಿ ಜಿಲ್ಲೆಯಲ್ಲಿಟ್ಟ ಸಾಲು 2021ಕ್ಕಿಂತ ಹಿಂದಿನದು, ವಿಜಯನಗರ ಜಿಲ್ಲೆ ಆಗಿನ್ನೂ ಆಗಿರಲಿಲ್ಲ. ‘ಹೈದರಾಬಾದ್ ಕರ್ನಾಟಕ’ ಎಂದಿದ್ದರೆ, ಅದು ‘ಕಲ್ಯಾಣ ಕರ್ನಾಟಕ’ವಾದ 2019ಕ್ಕೆ ಮೊದಲಿನದಿರಬಹುದು ಎಂಬ ಗುಮಾನಿ. ನಮ್ಮ ಹಿರಿಯರು ಮಾತಿನ ರೂಢಿಗೆ ಈಗಲೂ ಹಾಗೆನ್ನುವುದರಿಂದ ಅದನ್ನು ಪಕ್ಕಾ ಸಾಕ್ಷಿ ಎನ್ನಲಾರೆ.

ತಪ್ಪು ಮಾಹಿತಿಯೂ ಕಳ್ಳನ ಬೆರಳಗುರುತೇ. ಮೊದಲ ಅಧ್ಯಾಯದಲ್ಲಿ ಕೊಪ್ಪಳದ ಗವಿಮಠದ ಶಾಸನದಲ್ಲಿ ಅಶೋಕನ ಹೆಸರು ಕೊರೆದಿದೆ ಎಂದು ಬರೆದಿದೆ. ಇಲ್ಲ. ಗವಿಮಠದಲ್ಲೂ ಪಾಲ್ಕಿಗುಂಡಿನಲ್ಲೂ ಇರುವುದು ದೇವಾನಂಪ್ರಿಯ ಎಂಬ ಬಿರುದು. ಹೆಸರು ಸಿಕ್ಕಿದ್ದು ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, 1915ರಲ್ಲಿ. ಆಮೇಲೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲಿ. ಸರಿಯಾದ ಸಂಗತಿ ಹತ್ತು ಜನರಲ್ಲಿ ಒಂದೇ ರೀತಿ ಇದ್ದರೆ ಆಶ್ಚರ್ಯವಿಲ್ಲ. ಇಟಗಿಯ ಮಹಾದೇವ ದೇವಾಲಯ 1112ರದ್ದು, ಕಟ್ಟಿಸಿದವನು ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ, ಶಾಸನ ಅದನ್ನು ದೇವಾಲಯ ಚಕ್ರವರ್ತಿ ಎಂದು ಕರೆದಿದೆ: ಇವು ಯಾರಪ್ಪನ ಸ್ವತ್ತೂ ಅಲ್ಲ, ಧಾರಾಳವಾಗಿ ಬರೆಯಿರಿ. ಆದರೆ ಇಬ್ಬರು ಒಂದೇ ತಪ್ಪು ಮಾಡಿ, ಅದರ ಹಿಂದುಮುಂದಿನ ವಾಕ್ಯಗಳೂ ಒಂದೇ ಆಗಿದ್ದರೆ, ಒಬ್ಬರು ಇನ್ನೊಬ್ಬರನ್ನು ನೋಡಿ ಬರೆದಿದ್ದಾರೆ ಎಂದೇ ಅರ್ಥ.

‘ಶೇ 10ರವರೆಗೆ ಇದ್ದರೆ ನಡೆಯುತ್ತದಂತೆ’ ಎಂದೂ ಬರೆದಿದ್ದೀರಿ. ಅದು ವಿಶ್ವವಿದ್ಯಾಲಯ ಧನಸಹಾಯ ಆಯೋಗ 2018ರಲ್ಲಿ ಮಹಾಪ್ರಬಂಧ, ಸಂಶೋಧನಾ ಲೇಖನಗಳಿಗೆ ಮಾಡಿದ ನಿಯಮ; ಶೇ 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ ಎಂದಷ್ಟೇ. ನಾವು ಹಾಕುವ ಪುಸ್ತಕಕ್ಕೂ ಅದಕ್ಕೂ ಸಂಬಂಧವಿಲ್ಲ. ಅದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಆಕಸ್ಮಿಕವಾಗಿ ಹೊಂದುವ ಸತತ 14 ಪದಗಳವರೆಗೆ ಲೆಕ್ಕಕ್ಕೆ ಹಿಡಿಯಬಾರದು ಎಂದಿದ್ದಾರೆ. ಇಂಗ್ಲಿಷಿನಲ್ಲಿ 14 ಪದ ಎಂದರೆ ಒಂದು ವಾಕ್ಯವಾದೀತು. ‘ಹೋಗಬೇಕಾಗಿದ್ದವನಿಗೆ’ ಎಂಬುದು ಒಂದೇ ಪದವಾಗುವ ನಮ್ಮ ಭಾಷೆಯಲ್ಲಿ 14 ಪದಕ್ಕೆ ಎರಡು ವಾಕ್ಯ ಮುಗಿದು ಮೂರನೆಯದು ಶುರುವಾಗಿರುತ್ತದೆ. ಶೇಕಡಾವಾರು ಅಂಕಿಯನ್ನು ನೋಡಲೇಬೇಡಿ, ತಂತ್ರಾಂಶ ಗೆರೆ ಎಳೆದ ಸಾಲುಗಳನ್ನು ಓದಿ. ಶಾಸನಪಾಠ ಉದ್ಧರಿಸಿದ ಪ್ರಾಮಾಣಿಕ ಲೇಖನಕ್ಕೆ ಶೇ 30 ಬರಬಹುದು, ಪೂರಾ ಕದ್ದದ್ದಕ್ಕೆ ಸೊನ್ನೆ ಬರಬಹುದು. ನಿಮ್ಮದೇ ಉದಾಹರಣೆ ಇದೆಯಲ್ಲ.

ಹಾಗೆಂದು ಸಿಕ್ಕವರನ್ನೆಲ್ಲ ಕಳ್ಳರೆನ್ನಲೂ ಬಾರದು. ನಾನೇ ಒಮ್ಮೆ ಎಡವಿದ್ದೇನೆ. ರಾಯಚೂರಿನ ಕಡೆಯ ಉಪನ್ಯಾಸಕಿಯೊಬ್ಬರು ಅಲ್ಲಿನ ಕೋಟೆಯ ಬಗ್ಗೆ ಬರೆದಿದ್ದರು. 1294ರ ಶಾಸನವಿರುವ 41 ಅಡಿ ಉದ್ದದ ಕಲ್ಲು, ಆ ಕಲ್ಲನ್ನು ಗಾಡಿಯ ಮೇಲೆ ಎಳೆದು ತಂದ ಚಿತ್ರವನ್ನು ಗೋಡೆಯಲ್ಲೇ ಕೊರೆದಿರುವುದು, ಇದರ ಸುತ್ತ ಹೆಣೆದ ಲೇಖನ. ಅಕ್ಷರಶಃ ಅದೇ ಬರಹ ಅಂತರಜಾಲದಲ್ಲಿ ಕಂಡಿತು. ಖಾರವಾಗಿಯೇ ಪತ್ರ ಬರೆದೆ. ಅವರು ಬಸ್ಸು ಹಿಡಿದು ಬಂದರು, ಚೀಲದಿಂದ ತಮ್ಮ ಕಾಲೇಜಿನ ವಾರ್ಷಿಕ ಸಂಚಿಕೆ ತೆಗೆದು ಮೇಜಿನ ಮೇಲಿಟ್ಟರು. ಅಂತರಜಾಲದವನೇ ಇವರದನ್ನು ಎತ್ತಿದ್ದ, ನಾಲ್ಕು ವರ್ಷದ ನಂತರ. ಅವರು ಜಗಳವಾಡಲಿಲ್ಲ. ನೀರು ಕುಡಿದು ಹೊರಟುಹೋದರು. ಮತ್ತೆಂದೂ ನಮಗೆ ಲೇಖನ ಕಳಿಸಲಿಲ್ಲ. ಅಂದಿನಿಂದ ಎರಡೂ ಬರಹಗಳ ದಿನಾಂಕ ನೋಡದೆ ನಾನು ಪತ್ರ ಬರೆಯುವುದಿಲ್ಲ.

ನಿಮಗೆ ಗೊತ್ತಿರಲಾರದ ಒಂದು ಕಾನೂನಿನ ಮಾತು. ದುಡ್ಡು ಕೊಟ್ಟು ಬರೆಸಿದ್ದೇನೆ, ಆದ್ದರಿಂದ ಬರಹ ನನ್ನದು ಎಂದುಕೊಂಡಿದ್ದೀರಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖನದ ಮೊದಲ ಒಡೆಯ ಬರೆದವನು. ಅವನು ನಿಮ್ಮ ಸಂಬಳದ ನೌಕರನಾಗಿದ್ದರೆ ಮಾತು ಬೇರೆ. ಹೊರಗಿನವನಾದರೆ ಹಕ್ಕನ್ನು ಲಿಖಿತವಾಗಿ, ಸಹಿ ಮಾಡಿ ವಹಿಸಿಕೊಡಬೇಕು. ಆ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಐದೇ ವರ್ಷ ಎಂದು ಕಾಯ್ದೆ ಎಣಿಸುತ್ತದೆ. ನಿಮ್ಮ ಬಳಿ ಇರುವುದು ಒಂದು ಬಿಲ್ಲು ಮತ್ತು ಫೋನಿನಿಂದ ಹಣ ಕಳಿಸಿದ ಚಿತ್ರ. ಕದ್ದ ಅಧ್ಯಾಯಗಳು ಹಾಗಿರಲಿ, ಆ ಸಂಸ್ಥೆ ಸ್ವಂತವಾಗಿ ಬರೆದುಕೊಟ್ಟಿದ್ದರೂ ಅದು ನಿಮ್ಮದಾಗಿರಲಿಲ್ಲ.

ಮುಂದೆಂದಾದರೂ ಹೊರಗೆ ಬರೆಸುವುದೇ ಆದರೆ, ಅದೇನು ಪಾಪವಲ್ಲ, ಬರೆಯುವವರೊಂದಿಗೆ ನೇರವಾಗಿ ಮಾತಾಡಿ, ಸಂಸ್ಥೆಯ ಮಧ್ಯವರ್ತಿಯೊಂದಿಗಲ್ಲ. ಹಣ ಪೂರ್ತಿ ಕೊಡುವ ಮೊದಲು ಎಲ್ಲೆಲ್ಲಿಂದ ಮಾಹಿತಿ ತೆಗೆದರು, ಯಾವ ಪುಸ್ತಕದ ಎಷ್ಟನೇ ಪುಟ ಎಂದು ಕೇಳಿ. ಕಚ್ಚಾ ಪ್ರತಿ ತರಿಸಿಕೊಳ್ಳಿ. ಸ್ವಂತ ಬರೆದವನ ಬಳಿ ಹೊಡೆದುಹಾಕಿದ ಸಾಲು ಇದ್ದೇ ಇರುತ್ತದೆ. ‘ಆ ಗುಡ್ಡಕ್ಕೆ ಯಾವ ಕಡೆಯಿಂದ ಹತ್ತಿದಿರಿ?’ ಎಂದು ಫೋನಿನಲ್ಲಿ ಒಂದು ಪ್ರಶ್ನೆ ಹಾಕಿ ಸುಮ್ಮನಿರಿ. ನಂತರದ ಮೌನ ಎಷ್ಟು ಉದ್ದವಿದೆ ಎಂಬುದೇ ಪರೀಕ್ಷೆ. ಮತ್ತು ಪದಕ್ಕಿಷ್ಟು ಎಂಬ ದರ ಬಿಡಿ. ಹಾಗೆ ಅಳೆದು ಕೊಂಡರೆ ಪದಗಳು ಬರುತ್ತವೆ. ಅದರ ಬದಲು ಹೋಗಿಬರುವ ಬಸ್ ಖರ್ಚು, ಎರಡು ದಿನದ ಊಟ ವಸತಿ ಕೊಡಿ.

ಇಷ್ಟೆಲ್ಲ ಬೈದು ಹಸ್ತಪ್ರತಿಯನ್ನು ಮಡಚಿ ಕಳಿಸಬಹುದಿತ್ತು. ಆರನೇ ಅಧ್ಯಾಯ ತಡೆಯಿತು. ಕಿನ್ನಾಳದ ಆಟಿಕೆಗಳ ಬಗ್ಗೆ ನೀವೇ ಬರೆದ ಒಂಬತ್ತು ಪುಟ. ಕಾಗುಣಿತ ಅಲ್ಲಲ್ಲಿ ತಪ್ಪಿದೆ, ಒಂದು ಪ್ಯಾರಾ ಎರಡು ಸಲ ಬಂದಿದೆ, ಅಲ್ಪಪ್ರಾಣ ಮಹಾಪ್ರಾಣಗಳು ಜಾಗ ಬದಲಿಸಿಕೊಂಡಿವೆ. ಆದರೆ ಚಿತ್ರಗಾರರ ಮನೆಯ ಪಡಸಾಲೆಯಲ್ಲಿ ಹುಣಸೆ ಬೀಜದ ಅಂಟು ಕುದಿಯುವಾಗ ಬರುವ ವಾಸನೆಗೆ ‘ಮೊದಲ ಮಳೆಗೆ ನೆನೆದ ಗೋಣಿಚೀಲ’ ಎಂದು ಬರೆದಿದ್ದೀರಲ್ಲ, ಅದನ್ನು ನಾನು ಎಲ್ಲೂ ಹುಡುಕಲು ಹೋಗಲಿಲ್ಲ. ಬೊಂಬೆಗೆ ಕಣ್ಣು ಬರೆಯುವ ಹೊತ್ತಿಗೆ ಅಜ್ಜ ಮೊಮ್ಮಗನನ್ನು ಹೊರಗೆ ಕಳಿಸಿದ್ದು, ‘ಇವನಿದ್ದರೆ ಕೈ ನಡುಗುತ್ತದೆ’ ಎಂದದ್ದು, ಆ ಹುಡುಗ ಕಿಟಕಿಯಿಂದ ಇಣುಕಿದ್ದು. ಇದನ್ನು ಯಾರೂ ನಿಮಗೆ ಪದಕ್ಕಿಷ್ಟರಂತೆ ಮಾರಲಾರರು.

ಹತ್ತು ಅಧ್ಯಾಯಗಳನ್ನು, ಗುರುತು ಹಾಕಿದ ಪ್ರತಿಯೊಂದಿಗೆ, ಟಪಾಲಿನಲ್ಲಿ ಹಿಂದಿರುಗಿಸುತ್ತಿದ್ದೇನೆ. ಆರನೆಯದನ್ನು ಇಟ್ಟುಕೊಂಡಿದ್ದೇನೆ. ತಿದ್ದುಪಡಿಗೆ ನೀವು ಒಪ್ಪಿದರೆ ಮೊದಲು ನಮ್ಮ ಪತ್ರಿಕೆಯಲ್ಲಿ ಲೇಖನವಾಗಿ ಹಾಕೋಣ, ಪುಸ್ತಕದ ಮಾತು ಆಮೇಲೆ. ಅಲ್ಲಿಯವರೆಗೆ ಒಂದು ಕೆಲಸ ಬಾಕಿ ಇದೆ. ಕಣ್ಣು ಬರೆದ ಕುಂಚ ‘ತುಂಬಾ ಸಣ್ಣದು’ ಎಂದಷ್ಟೇ ಬರೆದು ಮುಂದೆ ಹೋಗಿದ್ದೀರಿ. ಅದು ಯಾವುದರ ಕೂದಲಿನದು, ಅಜ್ಜನೇ ಕಟ್ಟಿಕೊಂಡರೋ ಕೊಂಡು ತಂದರೋ, ಹೋಗಿ ಕೇಳಿಕೊಂಡು ಬನ್ನಿ.

ಇಂತು,
ಸಂಪಾದಕ