ಉಪಾಹಾರ ಗೃಹಕ್ಕೆ ಮುನ್ನ ಶಬ್ದದ ನಿಯಮ ಓದಿ

ಹೊಸ ನಗರದಲ್ಲಿ ಚಿಕ್ಕ ಉಪಾಹಾರ ಗೃಹ ತೆರೆಯುವ ಮುನ್ನ ಆಹಾರ ಸುರಕ್ಷತೆ, ಧೂಮಪಾನ ಮತ್ತು ಶಬ್ದದ ನಿಯಮಗಳಲ್ಲಿ ಯಾವುದನ್ನು ಮೊದಲು ತಿಳಿಯಬೇಕೆಂದು ಕೇಳಿದ್ದೀರಿ. ಶಬ್ದದಿಂದ ಆರಂಭಿಸಿ ಎಂಬುದು ನನ್ನ ಸಲಹೆ; ಅಡುಗೆಮನೆಯನ್ನು ಆಮೇಲೂ ತಿದ್ದಿಕೊಳ್ಳಬಹುದು, ಬಾಡಿಗೆಗೆ ಹಿಡಿದ ಜಾಗವನ್ನು ಬದಲಿಸುವುದು ಕಷ್ಟ. ಮಿತಿ ಎಷ್ಟು ಡೆಸಿಬೆಲ್ ಎಂಬುದನ್ನಷ್ಟೇ ಅಲ್ಲದೆ, ಅದನ್ನು ನಿಮ್ಮ ಬಾಗಿಲಲ್ಲಿ ಅಳೆಯುತ್ತಾರೋ ನೆರೆಮನೆಯ ಕಿಟಕಿಯ ಬಳಿ ಅಳೆಯುತ್ತಾರೋ, ರಾತ್ರಿಯ ಅವಧಿ ಎಷ್ಟು ಗಂಟೆಗೆ ಆರಂಭವಾಗುತ್ತದೆ ಎಂಬುದನ್ನೂ ಸ್ಥಳೀಯ ಆಡಳಿತದಿಂದ ಲಿಖಿತವಾಗಿ ಪಡೆಯಿರಿ. 10 ಡೆಸಿಬೆಲ್ ಹೆಚ್ಚಿದರೆ ಶಬ್ದದ ತೀವ್ರತೆ 10 ಪಟ್ಟು ಆಗುತ್ತದೆ. ಅಂಕಿಯಲ್ಲಿ ಸಣ್ಣದಾಗಿ ಕಾಣುವ ವ್ಯತ್ಯಾಸ ಪಕ್ಕದಲ್ಲಿ ಮಲಗಿದವರಿಗೆ ಸಣ್ಣದಲ್ಲ. ಅಡುಗೆಮನೆಯ ಹೊಗೆ ಹೊರಹಾಕುವ ಫ್ಯಾನಿನ ಸದ್ದನ್ನು ಬಹಳ ಮಂದಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ದಯವಿಟ್ಟು ನೀವು ಮರೆಯಬೇಡಿ.

ಆಹಾರದ ವಿಷಯದಲ್ಲಿ, ಬೇಯಿಸಿದ ಪದಾರ್ಥವನ್ನು ಕೋಣೆಯ ಉಷ್ಣತೆಯಲ್ಲಿ 2 ಗಂಟೆಗಿಂತ ಹೆಚ್ಚು ಇಡಬಾರದು, 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಉಷ್ಣತೆ ಅಪಾಯಕಾರಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸ್ಥಳೀಯ ನಿಯಮ ಇದಕ್ಕಿಂತ ಕಟ್ಟುನಿಟ್ಟಾಗಿದ್ದರೆ ಅದನ್ನೇ ಪಾಲಿಸಿ.

ಧೂಮಪಾನಕ್ಕೆ ಪ್ರತ್ಯೇಕ ಕೋಣೆ ಕಟ್ಟಲು ಹಣ ಸುರಿಯಬೇಡಿ, ಏಕೆಂದರೆ ಗಾಳಿಯಾಡುವ ವ್ಯವಸ್ಥೆಯಿಂದ ಹೊಗೆಯ ಅಪಾಯ ಪೂರ್ತಿ ನೀಗುವುದಿಲ್ಲ; ಹೊರಗಿನ ಆಸನಗಳಿಗೂ ನಿಷೇಧ ಅನ್ವಯಿಸುತ್ತದೆಯೇ ಎಂಬುದನ್ನು ಮಾತ್ರ ತಪ್ಪದೆ ವಿಚಾರಿಸಿ.