ಮುಟ್ಟಿನ ಎರಡನೇ ದಿನದ ರಿಪೋರ್ಟು

ಪ್ರಶ್ನೆ: ನನಗೆ 38 ವರ್ಷ, ಪ್ರೌಢಶಾಲೆಯ ಶಿಕ್ಷಕಿ. ಹದಿನಾಲ್ಕು ತಿಂಗಳಿಂದ ಹೊಟ್ಟೆಯದೇ ಚಿಂತೆ. ಬೆಳಿಗ್ಗೆ ಶಾಲೆಗೆ ಹೊರಡುವ ಹೊತ್ತಿಗೆ ಕೆಳಹೊಟ್ಟೆ ಹಿಂಡಿದಂತಾಗಿ ಎರಡು ಮೂರು ಸಲ ಶೌಚಾಲಯಕ್ಕೆ ಓಡಬೇಕು. ಹೋಗಿ ಬಂದರೆ ನೋವು ಇಳಿಯುತ್ತದೆ. ಮಧ್ಯಾಹ್ನದ ಊಟವಾದ ಮೇಲೆ ಹೊಟ್ಟೆ ಉಬ್ಬತೊಡಗುತ್ತದೆ. ಬೆಳಿಗ್ಗೆ ಸಡಿಲವಾಗಿ ಕಟ್ಟಿದ ಲಂಗದ ಲಾಡಿ ಸಂಜೆಗೆ ಸೊಂಟದಲ್ಲಿ ಕೆಂಪು ಗೆರೆ ಮೂಡಿಸಿರುತ್ತದೆ. ಮರುದಿನ ಏಳುವಾಗ ಹೊಟ್ಟೆ ಮೊದಲಿನಂತೆ. ರಕ್ತ ಹೋಗಿಲ್ಲ, ನಿದ್ದೆಗೆ ತೊಂದರೆಯಿಲ್ಲ. ಹಾಲು, ಚಪಾತಿ, ರಾತ್ರಿಯೂಟ ಎಲ್ಲ ಬಿಟ್ಟೆ. 58 ಕಿಲೋ ಇದ್ದವಳು 54ಕ್ಕೆ ಇಳಿದಿದ್ದೇನೆ. ನಾಲ್ವರು ವೈದ್ಯರನ್ನು ಕಂಡೆ. ಇಬ್ಬರು ಗ್ಯಾಸ್ಟ್ರಿಕ್ ಎಂದರು, ಒಬ್ಬರು ಯೋಚನೆ ಕಡಿಮೆ ಮಾಡಿ ಎಂದರು, ನಾಲ್ಕನೆಯವರು ತಲೆಯೆತ್ತಿ ನೋಡಲೇ ಇಲ್ಲ. ಸ್ಕ್ಯಾನ್ ವರದಿಯಲ್ಲಿ ಗ್ಯಾಸ್ ಅಡ್ಡವಾಗಿ ಅಂಡಾಶಯಗಳು ಸ್ಪಷ್ಟವಾಗಿ ಕಾಣಲಿಲ್ಲ ಎಂದು ಬರೆದಿದೆ. ನನ್ನ ದೊಡ್ಡಮ್ಮ ತೀರಿಕೊಂಡಿದ್ದು ಅಂಡಾಶಯದ ಕ್ಯಾನ್ಸರಿನಿಂದ. ಕಿದ್ವಾಯಿಗೆ ಅವರ ಜೊತೆ ಓಡಾಡಿದವಳು ನಾನೇ. ಅವರಿಗೂ ಶುರುವಾಗಿದ್ದು ಹೊಟ್ಟೆಯುಬ್ಬರದಿಂದಲೇ. ಹೋದ ತಿಂಗಳು ಯಾರನ್ನೂ ಕೇಳದೆ ಪ್ಯಾಕೇಜ್ ರಕ್ತಪರೀಕ್ಷೆ ಮಾಡಿಸಿದೆ. ಮುಟ್ಟಿನ ಎರಡನೇ ದಿನ, ಹೊರಡಲು ಮನಸ್ಸಿರಲಿಲ್ಲ, ಆದರೆ ರಿಯಾಯಿತಿ ಅಂದೇ ಮುಗಿಯುತ್ತಿತ್ತು. ಸಿಎ-125 ಎಂಬುದು 46 ಬಂದಿದೆ, ಪಕ್ಕದಲ್ಲಿ ದಪ್ಪಕ್ಷರದಲ್ಲಿ 'ಹೈ'. ಮನೆಯವರಿಗೆ ತೋರಿಸದೆ ಪಾಠದ ಟಿಪ್ಪಣಿ ಪುಸ್ತಕದೊಳಗೆ ಇಟ್ಟಿದ್ದೇನೆ. ಇದು ಕ್ಯಾನ್ಸರೇ?
— ಹೆಸರು ಬೇಡ, ಸಾಗರ

ಉತ್ತರ: ನಿಮ್ಮ ಎಂಟು ಪುಟಗಳನ್ನು ಸಂಪಾದಕರು ಕತ್ತರಿಸಿ ಇಷ್ಟು ಮಾಡಿದ್ದಾರೆ, ನಾನು ಎಂಟನ್ನೂ ಓದಿದೆ. ಕಾಗದ ಓದಿ ಕ್ಯಾನ್ಸರ್ ಇದೆ, ಇಲ್ಲ ಎಂದು ತೀರ್ಪು ಕೊಡಲು ಬರುವುದಿಲ್ಲ ತಾಯಿ. ಆದರೆ ನಿಮ್ಮನ್ನು ಹೆದರಿಸಿದ ಆ 46ಕ್ಕಿಂತ ನೀವು ಹಾಗೇ ಬರೆದುಬಿಟ್ಟ 'ಮುಟ್ಟಿನ ಎರಡನೇ ದಿನ' ಎಂಬ ಮಾತೇ ನನಗೆ ಹೆಚ್ಚು ಮುಖ್ಯವಾಗಿ ಕಂಡಿತು.

ಸಿಎ-125 ರಕ್ತದಲ್ಲಿ ಅಳೆಯುವ ಒಂದು ಪ್ರೋಟೀನು. ಅಂಡಾಶಯದ ಕ್ಯಾನ್ಸರಿನಲ್ಲಿ ಅದು ಏರುವುದುಂಟು, ಆದರೆ ಕ್ಯಾನ್ಸರ್ ಗಡ್ಡೆ ಮಾತ್ರ ತಯಾರಿಸುವ ವಸ್ತುವಲ್ಲ. ಗರ್ಭಕೋಶದ ಒಳಪದರ, ಹೊಟ್ಟೆಯ ಒಳಗೋಡೆಯ ಪೊರೆ ಇವೂ ಅದನ್ನು ಬಿಡುತ್ತವೆ. ಮುಟ್ಟಿನಲ್ಲಿ, ಗರ್ಭಿಣಿಯರಲ್ಲಿ, ಗರ್ಭಕೋಶದಲ್ಲಿ ಫೈಬ್ರಾಯ್ಡ್ ಎಂಬ ಗಂಟು ಇದ್ದವರಲ್ಲಿ, ಹೊಟ್ಟೆಯ ಕ್ಷಯದಲ್ಲೂ ಅದು ಏರುತ್ತದೆ. ಸಾಮಾನ್ಯ ಮಿತಿ 35. ನಿಮ್ಮ ವಯಸ್ಸಿನಲ್ಲಿ, ಮುಟ್ಟಿನ ದಿನ 46 ಬಂದರೆ ನಾನು ರೋಗಿಯನ್ನು ನೋಡುತ್ತೇನೆಯೇ ಹೊರತು ರಿಪೋರ್ಟಿನ ದಪ್ಪಕ್ಷರವನ್ನಲ್ಲ. ರೋಗ ಪತ್ತೆಯಾದವರಲ್ಲಿ ಚಿಕಿತ್ಸೆ ಹೇಗೆ ಸಾಗುತ್ತಿದೆ ಎಂದು ನೋಡಲು ತುಂಬ ಉಪಯೋಗಕ್ಕೆ ಬರುವ ಈ ಪರೀಕ್ಷೆಯನ್ನು ಲಕ್ಷಣ, ವಯಸ್ಸು ಯಾವುದನ್ನೂ ಕೇಳದೆ ಹಬ್ಬದ ರಿಯಾಯಿತಿಯ ಪ್ಯಾಕೇಜಿಗೆ ಸೇರಿಸಿ ಮಾರುವವರ ಮೇಲೆ ನನಗೆ ಸಿಟ್ಟಿದೆ. ಇರಲಿ.

ಇನ್ನು ಲಾಡಿ. ನಲವತ್ತೈದು ನಿಮಿಷ ಕೂರಿಸಿ ಕೇಳಿದರೂ ಕೆಲವರಿಂದ ಇಷ್ಟು ಒಳ್ಳೆಯ ಲಕ್ಷಣ ಸಿಗುವುದಿಲ್ಲ. ಅಂಡಾಶಯದ ಗಡ್ಡೆಯಿಂದ ಬರುವ ಉಬ್ಬರ ಸಾಮಾನ್ಯವಾಗಿ ಇಳಿಯುವುದಿಲ್ಲ. ವಾರದಿಂದ ವಾರಕ್ಕೆ ಲಾಡಿ ಬಿಗಿಯುತ್ತಲೇ ಹೋಗುತ್ತದೆ, ಎರಡು ತುತ್ತಿಗೇ ಹೊಟ್ಟೆ ತುಂಬುತ್ತದೆ. ನಿಮ್ಮದು ಸಂಜೆ ಏರಿ ಬೆಳಿಗ್ಗೆ ಇಳಿಯುತ್ತದೆ, ಶೌಚವಾದರೆ ನೋವು ತಗ್ಗುತ್ತದೆ, ನಿದ್ದೆ ಕೆಡಿಸುವುದಿಲ್ಲ. ಐಬಿಎಸ್ ಎಂದು ವೈದ್ಯರು ಕರೆಯುವ ಕರುಳಿನ ಕಿರಿಕಿರಿಗೆ ಇದು ಹೆಚ್ಚು ಹೊಂದುತ್ತದೆ. ಅದರಲ್ಲಿ ಕರುಳಿಗೆ ಹುಣ್ಣಿಲ್ಲ, ಗಡ್ಡೆಯಿಲ್ಲ. ಕರುಳಿನ ಚಲನೆ ಮತ್ತು ನೋವಿನ ಸೂಕ್ಷ್ಮತೆ ಹದ ತಪ್ಪಿರುತ್ತವೆ. ಆದ್ದರಿಂದಲೇ ಸ್ಕ್ಯಾನಿನಲ್ಲಿ ಕಾಣದು, ನೋವು ಮಾತ್ರ ನಿಜ. 'ಯೋಚನೆ ಕಡಿಮೆ ಮಾಡಿ' ಎಂದವರು ಅರ್ಧ ಹೇಳಿ ಎದ್ದು ಹೋಗಿದ್ದಾರೆ.

ಹಾಗೆಂದು ನಿಶ್ಚಿಂತರಾಗಿ ಎಂದು ನಾನು ಬರೆಯುವುದಿಲ್ಲ. 58ರಿಂದ 54 ಎಂದರೆ ಶೇಕಡಾ 5ಕ್ಕಿಂತ ಹೆಚ್ಚು. ರಾತ್ರಿಯೂಟ ಬಿಟ್ಟವರು ಇಳಿಯುವುದು ಸಹಜ, ಆದರೆ ಅದೇ ಕಾರಣ ಎಂದು ಊಹಿಸಿ ಸುಮ್ಮನಾಗಬಾರದು. ಅಂಡಾಶಯ ಕಾಣಲಿಲ್ಲ ಎಂಬ ವರದಿ ಚೆನ್ನಾಗಿದೆ ಎಂಬ ವರದಿಯಲ್ಲ. ಸ್ತ್ರೀರೋಗ ತಜ್ಞರ ಬಳಿ ಹೋಗಿ ಯೋನಿಯ ಮೂಲಕ ಮಾಡುವ ಸ್ಕ್ಯಾನ್ ಮಾಡಿಸಿ. ಅದಕ್ಕೆ ಗ್ಯಾಸ್ ಅಷ್ಟು ಅಡ್ಡ ಬರುವುದಿಲ್ಲ. ಸಿಎ-125 ಮತ್ತೆ ಬೇಕೆಂದು ಅವರಿಗೆ ಅನಿಸಿದರೆ ಮುಟ್ಟು ಕಳೆದ ಮೇಲೆ ಮಾಡಿಸಲಿ. ದೊಡ್ಡಮ್ಮನ ವಿಷಯ ಹೇಳಿ, ಅವರಿಗೆ ಎಷ್ಟನೇ ವಯಸ್ಸಿನಲ್ಲಿ ಬಂತೆಂದೂ ಹೇಳಿ. ಅಮ್ಮನ ಕಡೆಯಲ್ಲಿ ಇನ್ನಾರಿಗಾದರೂ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇತ್ತೇ ಎಂದು ಹೋಗುವ ಮುನ್ನ ಅಮ್ಮನನ್ನು ಕೇಳಿಕೊಳ್ಳಿ. ಇದ್ದರೆ ವಂಶವಾಹಿ ಪರೀಕ್ಷೆಯ ಮಾತು ಬರುತ್ತದೆ. ಆಮೇಲೆ ಒಬ್ಬ ಜಠರ-ಕರುಳು ತಜ್ಞರು. ಐದನೆಯ, ಆರನೆಯ ಅಭಿಪ್ರಾಯ ಬೇಡ, ಒಬ್ಬರೇ ಸಾಕು. ಹಿಮೋಗ್ಲೋಬಿನ್, ಥೈರಾಯ್ಡ್, ಮಲಪರೀಕ್ಷೆ ಮಾಡಿಸುತ್ತಾರೆ. ಅಗತ್ಯ ಕಂಡರೆ ಕೊಲೊನೋಸ್ಕೋಪಿ, ಅಂದರೆ ಕೊಳವೆ ಹಾಕಿ ದೊಡ್ಡ ಕರುಳನ್ನು ಒಳಗಿಂದ ನೋಡುವುದು. ಇವೆಲ್ಲ ಈ ತಿಂಗಳೇ ಆಗಲಿ.

ಮನೆಯವರಿಗೆ ರಿಪೋರ್ಟು ತೋರಿಸಿ. ಸ್ಕ್ಯಾನಿಗೆ ಒಬ್ಬರೇ ಹೋಗುವುದೇಕೆ?

ಒಂದು ಪರೀಕ್ಷೆ ಮಾತ್ರ ಸ್ವಲ್ಪ ಕಾಯಬೇಕು. ಗೋಧಿ ಒಗ್ಗದ ಸೀಲಿಯಾಕ್ ಎಂಬ ಕಾಯಿಲೆ ನಮ್ಮ ಕಡೆ ವಿರಳ, ಆದರೂ ನಿಮ್ಮಲ್ಲಿ ಅದನ್ನು ನೋಡಬೇಕು. ಗೋಧಿ ಬಿಟ್ಟವರ ರಕ್ತದಲ್ಲಿ ಅದು ಸಿಕ್ಕದೆ ತಪ್ಪಿಸಿಕೊಳ್ಳುತ್ತದೆ. ಆರು ವಾರ ದಿನವೂ ತಿಂದು ಆಮೇಲೆ ರಕ್ತ ಕೊಡಿ. ರಾತ್ರಿಯೂಟ ಇವತ್ತಿನಿಂದಲೇ ಶುರುವಾಗಲಿ, ತಟ್ಟೆಯಲ್ಲಿ ಎರಡು ಚಪಾತಿ ಇರಲಿ.