ಸೂಸನ್ ಆಂಥನಿ ಭಾಷಣದ ಮುಖ್ಯ ವಾದ ಯಾವುದು?

'ಹೆಂಗಸರು ಗಂಡಸರಷ್ಟೇ ಸಮರ್ಥರು' ಎಂಬ ಉತ್ತರ ಯಾಕೆ ತಪ್ಪಾಯಿತು ಅಂತ ಕೇಳಿದ್ದೀರಿ. ಆ ಮಾತು ನಿಜವೇ, ಆದರೆ ಈ ಭಾಷಣದಲ್ಲಿ ಅಮೆರಿಕದ ಮಹಿಳಾ ಮತದಾನ ಹಕ್ಕಿನ ಹೋರಾಟಗಾರ್ತಿ ಆಂಥನಿ ವಾದಿಸುವುದು ಅದನ್ನಲ್ಲ. 1872ರಲ್ಲಿ ಅಮೆರಿಕದ ಚುನಾವಣೆಯಲ್ಲಿ ಹೆಂಗಸಾಗಿ ಮತ ಹಾಕಿದ್ದು ಅಪರಾಧ ಅಂತ ಆಕೆಯನ್ನು ಬಂಧಿಸಿದ್ದರು. ಹಾಗಾಗಿ 1873ರ ಈ ಭಾಷಣ ಪೂರ್ತಿ ಕಾನೂನಿನ ವಾದ. ಅಮೆರಿಕದ ಸಂವಿಧಾನದ ಮೊದಲ ಸಾಲಿನ 'ನಾವು, ಜನರು' ಎಂಬ ಮಾತನ್ನೇ ಆಕೆ ಗಟ್ಟಿಯಾಗಿ ಹಿಡಿಯುತ್ತಾರೆ. ಅಲ್ಲಿ 'ಬಿಳಿಯ ಗಂಡಸರು' ಅಂತ ಇಲ್ಲ, ಬರೀ 'ಗಂಡಸರು' ಅಂತಲೂ ಇಲ್ಲ, ಅಲ್ವಾ? ಆಮೇಲೆ ಒಂದೇ ಪ್ರಶ್ನೆ: ಹೆಂಗಸರು ವ್ಯಕ್ತಿಗಳೋ ಅಲ್ಲವೋ? ಹೌದಾದರೆ ಅವರು ನಾಗರಿಕರು. ನಾಗರಿಕರ ಹಕ್ಕನ್ನು ಯಾವ ರಾಜ್ಯವೂ ಕಿತ್ತುಕೊಳ್ಳುವಂತಿಲ್ಲ. ನನಗೆ ತುಂಬಾ ಇಷ್ಟವಾಗುವುದು ಇದೇ. ಆಕೆ ಹೊಸ ಹಕ್ಕು ಬೇಡುತ್ತಿಲ್ಲ, ಇದ್ದ ಹಕ್ಕನ್ನೇ ಬಳಸಿದೆ ಎನ್ನುತ್ತಾರೆ. ನಿಮ್ಮ ಉತ್ತರದಲ್ಲಿ 'ನಾಗರಿಕ' ಎಂಬ ಪದ ಬರಲೇಬೇಕು.